ಇದ್ದಿಲಿನಿಂದ ಯುರೇನಿಯಂ ಲೋಹ ತೆಗೆಯಬಹುದೇ?

ಪ್ರಶ್ನೆ: ಭದ್ರಾವತಿಯಲ್ಲಿ ಹಿಂದೆ ಅದಿರಿನ ಜೊತೆ ಇದ್ದಿಲು ಉರಿಸಿ ಕಬ್ಬಿಣ ತೆಗೆಯುತ್ತಿದ್ದರು ಅಂತ ನಮ್ಮಜ್ಜ ಹೇಳುತ್ತಾರೆ. ಯುರೇನಿಯಂ ಆಕ್ಸೈಡನ್ನೂ ಹಾಗೇ ಕಾಯಿಸಿದರೆ ಲೋಹ ಬರಬೇಕಲ್ವಾ?
– ಪಿಯುಸಿ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: 1789ರಲ್ಲಿ ಜರ್ಮನಿಯ ಕ್ಲಾಪ್ರೋತ್ ಕೂಡ ಹೀಗೇ ಯೋಚಿಸಿದ್ದರು. ಯುರೇನಿಯಂಗೆ ಆ ಹೆಸರಿಟ್ಟವರೂ ಅವರೇ. ಆಕ್ಸೈಡಿಗೆ ಇದ್ದಿಲು ಬೆರೆಸಿ ಕಾಯಿಸಿದಾಗ ಕಪ್ಪು ಪುಡಿ ಸಿಕ್ಕಿತು. ಇದೇ ಲೋಹ ಅಂದುಕೊಂಡರು. ಐವತ್ತು ವರ್ಷ ಆ ನಂಬಿಕೆ ಹಾಗೇ ಉಳಿಯಿತು. ಆ ಪುಡಿಯಲ್ಲಿ ಇನ್ನೂ ಆಮ್ಲಜನಕ ಇದೆ ಎಂದು 1841ರಲ್ಲಿ ತೋರಿಸಿಕೊಟ್ಟವರು ಫ್ರಾನ್ಸಿನ ಪೆಲಿಗೊ. ಅವರು ಇದ್ದಿಲನ್ನು ಬಿಟ್ಟು, ಯುರೇನಿಯಂ ಕ್ಲೋರೈಡನ್ನು ಪೊಟ್ಯಾಶಿಯಂ ಜೊತೆ ಕಾಯಿಸಿ ನಿಜವಾದ ಲೋಹ ತೆಗೆದರು.

ಹಾಗಾದರೆ ಇನ್ನೂ ಜಾಸ್ತಿ ಕಾಯಿಸಿದರೆ? ಆಗ ಆಮ್ಲಜನಕವೇನೋ ಹೋಗುತ್ತದೆ. 270 ಗ್ರಾಂ ಯುರೇನಿಯಂ ಡೈಆಕ್ಸೈಡಿಗೆ 36 ಗ್ರಾಂ ಗ್ರಾಫೈಟ್ ಪುಡಿ (ಇದ್ದಿಲಿನಂತೆ ಇದೂ ಕಾರ್ಬನ್ನೇ) ಬೆರೆಸಿ, ಬಿಲ್ಲೆ ಒತ್ತಿ, ಗಾಳಿ ತೆಗೆದ ಕುಲುಮೆಯಲ್ಲಿ 1500 ಡಿಗ್ರಿ ದಾಟಿಸಿ ಅಂದುಕೊಳ್ಳಿ. ಪಂಪು ಕಾರ್ಬನ್ ಮೊನಾಕ್ಸೈಡನ್ನು ಎಳೆಯುತ್ತಲೇ ಇರಬೇಕು. ಅನಿಲ ಒಳಗೇ ನಿಂತರೆ ಕ್ರಿಯೆಯೂ ನಿಲ್ಲುತ್ತದೆ. ಕೊನೆಗೆ ತೂಗಿದರೆ 250 ಗ್ರಾಂ. ಅದರಲ್ಲಿ ಯುರೇನಿಯಂ 238 ಗ್ರಾಂ ಮಾತ್ರ. 24 ಗ್ರಾಂ ಕಾರ್ಬನ್ ಆಮ್ಲಜನಕವನ್ನು ಹೊತ್ತುಕೊಂಡು ಹೊರಟಿತು, ಉಳಿದ 12 ಗ್ರಾಂ ಯುರೇನಿಯಂ ಜೊತೆ ಸೇರಿ ಕಾರ್ಬೈಡ್ ಆಯಿತು.

ಇದ್ದಿಲು ಕಡಿಮೆ ಹಾಕಿದರೂ ಸುಲಭವಾಗಿ ಲೋಹ ಸಿಗುವುದಿಲ್ಲ, ಒಂದಿಷ್ಟು ಆಕ್ಸೈಡ್ ಹಾಗೇ ಉಳಿಯುತ್ತದೆ. ಕುಲುಮೆಯ ಕಬ್ಬಿಣಕ್ಕೂ ಕಾರ್ಬನ್ ಸೇರುತ್ತದೆ, ನಿಜ. ಆದರೆ ಆಮ್ಲಜನಕ ಊದಿ ಅದನ್ನು ಸುಟ್ಟು ತೆಗೆಯಬಹುದು. ಯುರೇನಿಯಂಗೆ ಊದಿದರೆ ಅದೇ ಉರಿದು ಮತ್ತೆ ಆಕ್ಸೈಡ್ ಆಗಿಬಿಡುತ್ತದೆ. ಅದಕ್ಕೇ ಲೋಹ ಬೇಕಾದಾಗ ಯುರೇನಿಯಂ ಫ್ಲೋರೈಡನ್ನು ಮೆಗ್ನೀಶಿಯಂ ಜೊತೆ ಕಾಯಿಸುತ್ತಾರೆ.

ಆದರೆ ಆ ಕಾರ್ಬೈಡ್ ಸುಮ್ನೆ ಬಿಸಾಡುವ ವಸ್ತುವಲ್ಲ. ನನಗೆ ಈ ಕಥೆಯಲ್ಲಿ ತುಂಬಾ ಹಿಡಿಸುವುದು ಇದೇ. 1985ರಲ್ಲಿ ಕಲ್ಪಾಕ್ಕಂನ ಪ್ರಾಯೋಗಿಕ ಬ್ರೀಡರ್ ರಿಯಾಕ್ಟರ್, ಅಂದರೆ ಇಂಧನ ಬಳಸುತ್ತಲೇ ಹೊಸ ಇಂಧನವನ್ನೂ ಹುಟ್ಟಿಸುವ ಬಗೆಯ ಅಣು ರಿಯಾಕ್ಟರ್, ಶುರುವಾಯಿತು. ಅದರ ಮಾದರಿಯಾಗಿದ್ದ ಫ್ರಾನ್ಸಿನ ರಿಯಾಕ್ಟರಿಗೆ ಸಮೃದ್ಧ ಯುರೇನಿಯಂ (ಸುಲಭವಾಗಿ ಒಡೆಯುವ ಯುರೇನಿಯಂ-235ರ ಪಾಲು ಹೆಚ್ಚಿಸಿದ್ದು) ಬೇಕಿತ್ತು. ನಮಗೆ ಅದು ಸಿಗುವಂತಿರಲಿಲ್ಲ. ನಮ್ಮವರು 70 ಭಾಗ ಪ್ಲುಟೋನಿಯಂ ಕಾರ್ಬೈಡ್, 30 ಭಾಗ ಯುರೇನಿಯಂ ಕಾರ್ಬೈಡ್ ಸೇರಿದ ಇಂಧನ ಆರಿಸಿಕೊಂಡರು. ಟ್ರಾಂಬೆಯಲ್ಲಿ ಅದನ್ನು ತಯಾರಿಸಿದ್ದು ಆಕ್ಸೈಡ್ ಮತ್ತು ಗ್ರಾಫೈಟ್ ಪುಡಿಯಿಂದಲೇ. ಕಾರ್ಬೈಡ್ ಆಕ್ಸೈಡಿಗಿಂತ ಭಾರ, ಶಾಖವನ್ನೂ ಹಲವು ಪಟ್ಟು ಚೆನ್ನಾಗಿ ದಾಟಿಸುತ್ತದೆ.

ಅಳತೆ ಮಾತ್ರ ತಪ್ಪಬಾರದು. ಕಾರ್ಬನ್ ಕಡಿಮೆಯಾದರೆ ಬೇಗ ಕರಗುವ ಲೋಹ ಉಳಿಯಬಹುದು. ಜಾಸ್ತಿಯಾದರೆ ಅದು ಇಂಧನ ತುಂಬುವ ಉಕ್ಕಿನ ಕೊಳವೆಗೆ ಸೇರಿ ಅದನ್ನು ಪೆಡಸು ಮಾಡುತ್ತದೆ. ಕಾರ್ಬೈಡಿನ ನುಣ್ಣನೆ ಪುಡಿಗೆ ಗಾಳಿ ತಾಗಿದರೆ ತಾನೇ ಹೊತ್ತಿಕೊಳ್ಳಬಹುದು. ಹಾಗಾಗಿ ಜಡ ಅನಿಲ ತುಂಬಿದ ಗಾಜಿನ ಪೆಟ್ಟಿಗೆಯೊಳಗೆ, ಅದಕ್ಕೇ ಜೋಡಿಸಿದ ರಬ್ಬರ್ ಗ್ಲೌಸಿನಲ್ಲಿ ಕೈಹಾಕಿ ಕೆಲಸ ಮಾಡುತ್ತಾರೆ.