ಮಗ್ಗುಲು ಬದಲಿಸಿದರೆ ಮನೆಯೇ ತಿರುಗುತ್ತದೆ

ಪ್ರಶ್ನೆ: ಡಾಕ್ಟ್ರೇ, ನನಗೆ 56 ವರ್ಷ. ನಮ್ಮದು ಮಂಡಕ್ಕಿ ಭಟ್ಟಿ. ಒಂದು ತಿಂಗಳಿಂದ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ ಸಾಕು, ಮನೆಯೇ ಗರಗರ ತಿರುಗುತ್ತದೆ. ಅಟ್ಟದ ಮೇಲಿನ ಡಬ್ಬಿ ತೆಗೆಯಲು ತಲೆ ಎತ್ತಿದರೂ ಹಾಗೇ. ಅರ್ಧ ನಿಮಿಷಕ್ಕೆ ನಿಲ್ಲುತ್ತದೆ, ಆದರೆ ವಾಂತಿ ಬಂದಂತಾಗುತ್ತದೆ. ಕಿವಿ ಚೆನ್ನಾಗಿ ಕೇಳುತ್ತದೆ. ಎಕ್ಸ್-ರೇ ನೋಡಿ ಕತ್ತಿನ ಮೂಳೆ ಸವೆದಿದೆ ಎಂದು ಪಟ್ಟಿ ಹಾಕಿಸಿದರು. ತಲೆಸುತ್ತಿನ ಮಾತ್ರೆ ನುಂಗುತ್ತಲೇ ಇದ್ದೇನೆ. ನಮ್ಮತ್ತೆ ಪಿತ್ತ ಎಂದು ಜೀರಿಗೆ ಕಷಾಯ ಕೊಡುತ್ತಾರೆ. ಮೆದುಳಿನಲ್ಲಿ ಏನಾದರೂ ಇದೆಯಾ?
– ಒಬ್ಬ ಗೃಹಿಣಿ, ದಾವಣಗೆರೆ

ಉತ್ತರ: ತಾಯಿ, ಮೊದಲು ಹೆದರಿಕೆ ಬಿಡಿ. ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂದು ನೀವು ಸರಿಯಾಗಿ ಬರೆದಿದ್ದೀರಿ. ನನ್ನ ಹತ್ತಿರ ಬರುವ ಹೆಚ್ಚಿನವರು "ತಲೆ ಸುತ್ತು" ಅಂತಷ್ಟೇ ಹೇಳಿ ಸ್ಕ್ಯಾನಿಂಗ್ ರಿಪೋರ್ಟು ಮುಂದಿಡುತ್ತಾರೆ. ನನಗೆ ರಿಪೋರ್ಟಿಗಿಂತ ಈ ವಿವರವೇ ಜಾಸ್ತಿ ಕೆಲಸಕ್ಕೆ ಬರುತ್ತದೆ.

ನಿಮ್ಮದು ಬಹುಪಾಲು ಒಳಗಿವಿಯ ತೊಂದರೆ. ಬಿ.ಪಿ.ಪಿ.ವಿ. ಎನ್ನುತ್ತೇವೆ. ರಕ್ತದ ಬಿ.ಪಿ.ಗೂ ಇದಕ್ಕೂ ಸಂಬಂಧ ಇಲ್ಲ. ಒಳಗಿವಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಸಣ್ಣ ಹರಳುಗಳಿರುತ್ತವೆ. ತಲೆ ಯಾವ ಕಡೆ ವಾಲಿದೆ ಎಂದು ಮೆದುಳಿಗೆ ಗೊತ್ತಾಗುವುದು ಇವುಗಳಿಂದ. ವಯಸ್ಸಾಗುತ್ತ ಹೋದಂತೆ, ಇಲ್ಲವೇ ತಲೆಗೆ ಪೆಟ್ಟು ಬಿದ್ದರೆ, ಕೆಲವು ಹರಳು ಕಳಚಿಕೊಂಡು ಪಕ್ಕದ ಅರ್ಧವೃತ್ತದ ನಾಳಕ್ಕೆ ಜಾರುತ್ತವೆ. ನೀವು ಹೊರಳಿದಾಗ ಅವೂ ಉರುಳುತ್ತವೆ, ನಾಳದ ದ್ರವ ಅಲುಗುತ್ತದೆ. ತಲೆ ನಿಂತಿದ್ದರೂ ತಿರುಗುತ್ತಿದೆ ಎಂಬ ಸುದ್ದಿ ಮೆದುಳಿಗೆ ಹೋಗುತ್ತದೆ. ಹರಳು ತಳ ಸೇರಿದ ಮೇಲೆ ಸುತ್ತು ತಾನೇ ನಿಲ್ಲುತ್ತದೆ. ಐವತ್ತು ದಾಟಿದ ಹೆಂಗಸರಲ್ಲಿ ಇದು ತುಂಬ ಸಾಮಾನ್ಯ.

ಕತ್ತಿನ ಮೂಳೆಯ ಮಾತು: ನಿಮ್ಮ ವಯಸ್ಸಿನವರ ಎಕ್ಸ್-ರೇ ತೆಗೆದರೆ ಸವೆತ ಬಹಳ ಜನರಲ್ಲಿ ಕಾಣುತ್ತದೆ, ತಲೆಸುತ್ತು ಇಲ್ಲದವರಲ್ಲೂ. ಅದನ್ನೇ ಕಾರಣ ಅಂದುಕೊಂಡು ತಿಂಗಳುಗಟ್ಟಲೆ ಪಟ್ಟಿ ಹಾಕಿಕೊಂಡು ಓಡಾಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ಹೋಗಿ. ಮಂಚದ ಮೇಲೆ ಕೂರಿಸಿ, ನಿಮ್ಮ ಮುಖವನ್ನು ಬಲಕ್ಕೆ ಅರ್ಧ ತಿರುಗಿಸಿ, ತಟ್ಟನೆ ಹಿಂದಕ್ಕೆ ಮಲಗಿಸುತ್ತಾರೆ. ತಲೆ ಮಂಚದ ಅಂಚಿನಿಂದ ಸ್ವಲ್ಪ ಕೆಳಗೆ ಇಳಿದಿರುತ್ತದೆ. ಒಂದೆರಡು ಸೆಕೆಂಡು ಏನೂ ಆಗುವುದಿಲ್ಲ. ಆಮೇಲೆ ಕಣ್ಣುಗುಡ್ಡೆ ತಾನಾಗೇ ಚಕಚಕ ತಿರುಚಿದಂತೆ ಕುಣಿಯುತ್ತದೆ, ನಿಮಿಷದೊಳಗೆ ತಣ್ಣಗಾಗುತ್ತದೆ. ಆ ಹೊತ್ತಿಗೆ ಸುತ್ತೂ ಬಂದೇ ಬರುತ್ತದೆ. ಎಷ್ಟೇ ಹೆದರಿಕೆಯಾದರೂ ಕಣ್ಣು ಮುಚ್ಚಬೇಡಿ, ನಾವು ನೋಡಬೇಕಾದದ್ದು ಅದನ್ನೇ. 1952ರಲ್ಲಿ ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬ ವೈದ್ಯರು ವಿವರಿಸಿದ ಪರೀಕ್ಷೆ ಇದು. ಯಂತ್ರ ಬೇಡ, ಒಂದು ಮಂಚ ಸಾಕು.

ಚಿಕಿತ್ಸೆಯೂ ಅದೇ ಮಂಚದ ಮೇಲೆ. ತಲೆಯನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿ, ಎಡ ಮಗ್ಗುಲಿಗೆ ಹೊರಳಿಸಿ, ಮುಖ ನೆಲ ನೋಡುವಂತೆ ಮಾಡಿ, ಕೊನೆಗೆ ಎಬ್ಬಿಸಿ ಕೂರಿಸುತ್ತಾರೆ. ಪ್ರತಿ ಭಂಗಿಯಲ್ಲೂ ಅರ್ಧ ನಿಮಿಷವೋ ಒಂದು ನಿಮಿಷವೋ ಕಾಯಬೇಕು. ಹರಳು ನಾಳದಿಂದ ಹೊರಟು ತನ್ನ ಜಾಗದ ಕಡೆ ಬರುತ್ತದೆ. ಅಮೆರಿಕದ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ವಿಧಾನ ಇದು. ಹತ್ತರಲ್ಲಿ ಸುಮಾರು ಎಂಟು ಜನರಿಗೆ ಒಂದೆರಡು ಸಲದಲ್ಲೇ ಗುಣ. ಮೊದಲ ಸಲ ಡಾಕ್ಟರೇ ಮಾಡಲಿ. ಯಾವ ಕಿವಿ, ಯಾವ ನಾಳ ಎಂದು ತಿಳಿಯದೆ ವಿಡಿಯೋ ನೋಡಿ ಮನೆಯಲ್ಲಿ ಸುಮ್ನೆ ಪ್ರಯತ್ನಿಸಬೇಡಿ.

ಮಾತ್ರೆಯಿಂದ ಹರಳು ಜಾಗಕ್ಕೆ ಮರಳುವುದಿಲ್ಲ. ವಾಂತಿ ಜಾಸ್ತಿ ಇದ್ದಾಗ ಎರಡು ಮೂರು ದಿನ ಸಾಕು. ಸುತ್ತು ಅಡಗಿಸುವ ಮಾತ್ರೆ ಬಹಳ ದಿನ ತಿಂದರೆ ಮಂಕು ಬರುತ್ತದೆ, ಬೀಳುವ ಅಪಾಯವೂ ಹೆಚ್ಚು. ಗುಣವಾದ ಮೇಲೂ ಇದು ಮರಳಬಹುದು. ಆಗ ಮತ್ತೆ ಅದೇ ಚಿಕಿತ್ಸೆ. ವಿಟಮಿನ್ ಡಿ ಒಮ್ಮೆ ಪರೀಕ್ಷೆ ಮಾಡಿಸಿ, ಕಡಿಮೆ ಇದ್ದವರಲ್ಲಿ ಇದು ಮರುಕಳಿಸುವುದು ಜಾಸ್ತಿ. ಗುಣವಾಗುವ ತನಕ ಭಟ್ಟಿಯಲ್ಲಿ ಕಾದ ಮರಳಿನ ಹತ್ತಿರ ನಿಲ್ಲಲೇಬೇಡಿ. ಅಟ್ಟದ ಡಬ್ಬಿಯನ್ನು ಬೇರೆಯವರಿಂದ ತೆಗೆಸಿ.

ಅತ್ತೆಯವರ ಜೀರಿಗೆ ಕಷಾಯ ಕುಡಿಯಿರಿ, ತೊಂದರೆಯಿಲ್ಲ. ಆದರೆ ಡಾಕ್ಟರ ಬಳಿ ಹೋಗುವುದನ್ನು ಮುಂದೂಡಬೇಡಿ.

ಸುತ್ತು ಗಂಟೆಗಟ್ಟಲೆ ಇದ್ದು, ಜೊತೆಗೆ ಕಿವಿ ಮಂದವಾಗಿ ಗುಂಯ್‌ಗುಟ್ಟಿದರೆ ಮೆನಿಯೇರ್ ಕಾಯಿಲೆ ಇರಬಹುದು. ದಿನವಿಡೀ ಬಿಡದೆ ಸುತ್ತಿದರೆ ಒಳಗಿವಿಯ ನರದ ಉರಿಯೂತ ಇರಬಹುದು. ಸುತ್ತಿನ ಜೊತೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಕೈಕಾಲು ಸೋತರೆ, ನಿಲ್ಲಲೂ ಆಗದೆ ಒಂದೇ ಕಡೆ ವಾಲಿದರೆ ಅದು ಲಕ್ವದ ಸೂಚನೆ. ಮಜ್ಜಿಗೆ ಕುಡಿಸುತ್ತ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಮ್ಮಪ್ಪಾಜಿಗೆ 71. ಕೂತು ಎದ್ದರೆ ಕಣ್ಣು ಕತ್ತಲೆ ಬರುತ್ತದೆ, ಮೊನ್ನೆ ಬಚ್ಚಲ ಬಾಗಿಲಲ್ಲಿ ಕುಸಿದರು. ಏನೂ ತಿರುಗಿದಂತೆ ಆಗುವುದಿಲ್ಲವಂತೆ. ಬಿ.ಪಿ. ಮಾತ್ರೆ ಇದೆ, ಪ್ರಾಸ್ಟೇಟ್‌ಗೆ ಹೊಸದಾಗಿ ಒಂದು ಮಾತ್ರೆ ಶುರುವಾಗಿದೆ. ಇದೂ ಕಿವಿಯದೇನಾ?
– ಓದುಗ, ಚಿತ್ರದುರ್ಗ

ಉತ್ತರ: ಕಿವಿಯದಲ್ಲ ಅನಿಸುತ್ತದೆ. ಎದ್ದ ಕೂಡಲೇ ಬಿ.ಪಿ. ಇಳಿಯುತ್ತಿರಬೇಕು. ಪ್ರಾಸ್ಟೇಟ್ ಮಾತ್ರೆಗಳಲ್ಲಿ ಕೆಲವು ರಕ್ತನಾಳವನ್ನೂ ಸಡಿಲಿಸುತ್ತವೆ, ಜೊತೆಗೆ ಬಿ.ಪಿ. ಮಾತ್ರೆ ಬೇರೆ. ಐದು ನಿಮಿಷ ಮಲಗಿಸಿ ಬಿ.ಪಿ. ನೋಡಿಸಿ, ನಿಂತ ಮೇಲೆ ಒಂದನೇ ಮತ್ತು ಮೂರನೇ ನಿಮಿಷದಲ್ಲಿ ಮತ್ತೆ ನೋಡಿಸಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದಿದ್ದರೆ ಅದೇ ಕಾರಣ. ನೀವೇ ಮಾತ್ರೆ ನಿಲ್ಲಿಸಬೇಡಿ. ಎಲ್ಲ ಮಾತ್ರೆಗಳನ್ನೂ ಒಯ್ದು ಡಾಕ್ಟರಿಗೆ ತೋರಿಸಿ. ರಕ್ತಹೀನತೆ, ಸಕ್ಕರೆ, ಇಸಿಜಿ ಕೂಡ ನೋಡಿಸಿ. ಪೂರ್ತಿ ಎಚ್ಚರ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ರಾತ್ರಿ ಮೂತ್ರಕ್ಕೆ ಏಳುವಾಗ ಮಂಚದ ಅಂಚಿಗೆ ಒಂದೆರಡು ನಿಮಿಷ ಕೂತು, ಪಾದ ಆಡಿಸಿ, ಆಮೇಲೆ ನಿಲ್ಲಲಿ. ಬಚ್ಚಲಿಗೆ ಹೋಗುವ ದಾರಿಯಲ್ಲಿ ದೀಪ ಉರಿಯುತ್ತಿರಲಿ.