ಅಮೆರಿಕದ ಶಾಲೆಗಳಲ್ಲಿ ಕಪ್ಪು ಮಕ್ಕಳಿಗೇ ರೆಫರಲ್ ಜಾಸ್ತಿ ಯಾಕೆ?

ಮಗಳನ್ನು ಕ್ಯಾಲಿಫೋರ್ನಿಯಾದ ಶಾಲೆಗೆ ಸೇರಿಸಲಿದ್ದೀರಿ. ಇಲ್ಲಿ ಕಪ್ಪು ಮಕ್ಕಳನ್ನೇ ಜಾಸ್ತಿ ಪ್ರಿನ್ಸಿಪಾಲರ ಆಫೀಸಿಗೆ ಕಳಿಸುತ್ತಾರಂತೆ, ಅವರ ಗಲಾಟೆಯೇ ಜಾಸ್ತಿಯಾ ಅಂತ ಕೇಳಿದ್ದೀರಿ. ನಾನು ಇಲ್ಲೇ ಒಂದು ಮಿಡಲ್ ಸ್ಕೂಲಿನಲ್ಲಿ (ಸಾಮಾನ್ಯವಾಗಿ 6ರಿಂದ 8ನೇ ತರಗತಿ) ಪಾಠ ಮಾಡುತ್ತೇನೆ. ಮಗುವಿನ ತಪ್ಪನ್ನು ಬರೆದು ಪ್ರಿನ್ಸಿಪಾಲರ ಆಫೀಸಿಗೆ ಕಳಿಸುವ ದೂರಿಗೆ ರೆಫರಲ್ ಅನ್ನುತ್ತಾರೆ. ರೆಫರಲ್ ಬರೆಯುವವರಲ್ಲಿ ನಾನೂ ಒಬ್ಬಳು. ಗಲಾಟೆಯೇ ಕಾರಣ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ರೆಫರಲ್‌ನಲ್ಲಿ ಯಾವ ತಪ್ಪು ಬರೆದಿದೆ ಅಂತ ನೋಡಿದರೆ ವಿಷಯ ಗೊತ್ತಾಗುತ್ತದೆ.

ಶಿಕ್ಷಣ ಸಂಶೋಧಕ ರಸಲ್ ಸ್ಕಿಬಾ ಮತ್ತು ಜೊತೆಗಾರರು 2002ರ ಅಧ್ಯಯನದಲ್ಲಿ ಅದನ್ನೇ ನೋಡಿದರು. ಒಂದು ದೊಡ್ಡ ಊರಿನ 19 ಮಿಡಲ್ ಸ್ಕೂಲುಗಳ 11,000 ಮಕ್ಕಳ ದಾಖಲೆ ಅದು. ಬಿಳಿ ಮಕ್ಕಳ ಮೇಲೆ ಜಾಸ್ತಿ ಇದ್ದ ದೂರುಗಳು: ಸಿಗರೇಟು ಸೇದಿದ, ಹೇಳದೆ ಹೊರಗೆ ಹೋದ, ಸಾಮಾನು ಒಡೆದ, ಹೊಲಸು ಮಾತಾಡಿದ. ಕಪ್ಪು ಮಕ್ಕಳ ಮೇಲಿದ್ದದ್ದು: ಮರ್ಯಾದೆ ಕೊಡಲಿಲ್ಲ, ಸದ್ದು ಮಾಡಿದ, ಹೆದರಿಸಿದ, ಸುಮ್ನೆ ಅಲ್ಲಿ ಇಲ್ಲಿ ನಿಂತಿದ್ದ. ಸಿಗರೇಟು ಕಣ್ಣಿಗೆ ಕಾಣುತ್ತದೆ. ಮರ್ಯಾದೆ ಕೊಟ್ಟನೋ ಇಲ್ಲವೋ ಅನ್ನುವುದು ಟೀಚರ್ ಮನಸ್ಸಿಗೆ ಬಿಟ್ಟದ್ದು, ಅಲ್ವಾ? ಒಂದೇ ಏರುದನಿ ಒಬ್ಬ ಹುಡುಗನಲ್ಲಿ ಹುರುಪು ಅನ್ನಿಸುತ್ತದೆ, ಇನ್ನೊಬ್ಬನಲ್ಲಿ ಧಿಮಾಕು ಅನ್ನಿಸುತ್ತದೆ. ಮನೆಯ ಬಡತನವನ್ನು ಲೆಕ್ಕಕ್ಕೆ ಹಿಡಿದರೂ ಕಪ್ಪು ಮತ್ತು ಬಿಳಿ ಮಕ್ಕಳ ನಡುವಿನ ಅಂತರ ಹೋಗಲಿಲ್ಲ.

ರೆಫರಲ್ ಆದ ಕೆಲವು ಮಕ್ಕಳನ್ನು ಸಸ್ಪೆಂಡ್ ಮಾಡುತ್ತಾರೆ, ಅಂದರೆ ಕೆಲವು ದಿನ ಶಾಲೆಯಿಂದ ಹೊರಗಿಡುತ್ತಾರೆ. ಅದರಲ್ಲಿ ದೇಶದ ಲೆಕ್ಕವೂ ಹೀಗೇ ಇದೆ. 2013-14ರಲ್ಲಿ ಸರ್ಕಾರಿ ಶಾಲೆಗಳ ಮಕ್ಕಳಲ್ಲಿ ಕಪ್ಪು ಮಕ್ಕಳು ಶೇ 15.5. ಸಸ್ಪೆಂಡ್ ಆದವರಲ್ಲಿ ಸುಮಾರು ಶೇ 39. ಹುಡುಗರು ಮತ್ತು ಅಂಗವಿಕಲ ಮಕ್ಕಳ ಪಾಲೂ ಜಾಸ್ತಿಯೇ. ಪ್ರಿಸ್ಕೂಲಿನಲ್ಲಿ ಕಪ್ಪು ಮಕ್ಕಳು ಶೇ 19 ಇದ್ದರೆ, ಸಸ್ಪೆಂಡ್ ಆದವರಲ್ಲಿ ಶೇ 47. ನಾಲ್ಕು ವರ್ಷದ ಮಗುವನ್ನು ಸಸ್ಪೆಂಡ್ ಮಾಡುವುದು ಅಂದರೇನು! ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಇದು ಬದಲಾಗದ ವಿಷಯವೇನಲ್ಲ. 'ಮಾತು ಕೇಳಲಿಲ್ಲ' ಅನ್ನುವ ಕಾರಣಕ್ಕೆ ಮೂರನೇ ತರಗತಿವರೆಗಿನ ಮಕ್ಕಳನ್ನು ಸಸ್ಪೆಂಡ್ ಮಾಡುವುದನ್ನು ಕ್ಯಾಲಿಫೋರ್ನಿಯಾ 2015ರಿಂದ ನಿಲ್ಲಿಸಿತು. ಆಮೇಲೆ ದೊಡ್ಡ ತರಗತಿಗಳಿಗೂ ವಿಸ್ತರಿಸಿತು. ಇಲ್ಲಿನದೇ ಐದು ಮಿಡಲ್ ಸ್ಕೂಲುಗಳ ಗಣಿತದ ಟೀಚರುಗಳಿಗೆ, ಮಗು ಯಾಕೆ ಹಾಗೆ ಮಾಡುತ್ತದೆ ಅಂತ ಯೋಚಿಸುವ ಚಿಕ್ಕ ಆನ್‌ಲೈನ್ ಅಭ್ಯಾಸ ಕೊಟ್ಟರು. 2016ರಲ್ಲಿ ಅದರ ಫಲಿತಾಂಶ ಬಂತು. ಆ ಅಭ್ಯಾಸ ಪಡೆಯದ ಟೀಚರುಗಳ ಮಕ್ಕಳಲ್ಲಿ ಶೇ 9.6 ಸಸ್ಪೆಂಡ್ ಆಗಿದ್ದರೆ, ಪಡೆದವರ ಮಕ್ಕಳಲ್ಲಿ ಶೇ 4.8 ಮಾತ್ರ.

ಏಷ್ಯಾ ಮೂಲದ ಮಕ್ಕಳಿಗೆ ರೆಫರಲ್ ಕಮ್ಮಿ. ಅದಕ್ಕೇ ನಮ್ಮವರು ಈ ವಿಷಯಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ನೀವು ಹಾಗೆ ಮಾಡಬೇಡಿ. ಶಾಲೆ ಆರಿಸುವಾಗ ಬರೀ ಟೆಸ್ಟ್ ಅಂಕ ನೋಡಬೇಡಿ. ಯಾವ ಜನಾಂಗದ ಎಷ್ಟು ಮಕ್ಕಳು ಸಸ್ಪೆಂಡ್ ಆಗಿದ್ದಾರೆ ಅನ್ನುವುದು ರಾಜ್ಯ ಶಿಕ್ಷಣ ಇಲಾಖೆಯ ಡೇಟಾಕ್ವೆಸ್ಟ್ ತಾಣದಲ್ಲಿ ಸಿಗುತ್ತದೆ. ಅಂತರ ದೊಡ್ಡದಿದ್ದರೆ ಪ್ರಿನ್ಸಿಪಾಲರನ್ನು ನೇರವಾಗಿ ಕೇಳಿ.