ಮಹಾವೀರಾಚಾರ್ಯ ಮೈಸೂರಿನವನಾ? – ಪ್ರತಿಕ್ರಿಯೆ

ಮಂಡ್ಯ ಕಾಲೇಜಿನ ಸೆಮಿನಾರಿಗೆ ‘ಮಹಾವೀರಾಚಾರ್ಯ ಹುಟ್ಟಿದ್ದು ಮೈಸೂರಲ್ಲಿ, 850ರಲ್ಲಿ’ ಅಂತ ಬರೆಯಬಹುದಾ ಅಂತ ಕೇಳಿದ್ದೀರಿ. ಬರೀಬೇಡಿ. ಈ ಜೈನ ಗಣಿತಜ್ಞ ತಾನು ಬರೆದ ‘ಗಣಿತಸಾರಸಂಗ್ರಹ’ ಅನ್ನೋ ಗಣಿತಗ್ರಂಥದಲ್ಲಿ ತನ್ನ ಊರನ್ನಾಗಲಿ ಇಸವಿಯನ್ನಾಗಲಿ ಹೇಳಿಕೊಂಡಿಲ್ಲ. ಜಾಲತಾಣಗಳ ‘ಮೈಸೂರು’ ಬಹುಶಃ 1973ಕ್ಕೆ ಮುಂಚಿನ ರಾಜ್ಯದ ಹೆಸರು; ಒಬ್ಬರದ್ದನ್ನ ಇನ್ನೊಬ್ಬರು ನಕಲು ಹೊಡೆದು ಊರಾಗಿಬಿಟ್ಟಿದೆ.

ಈ ಗ್ರಂಥದ, ರಂಗಾಚಾರ್ಯರು ಸಂಪಾದಿಸಿದ 1912ರ ಮದರಾಸು ಮುದ್ರಣವನ್ನೇ ತೆರೆಯಿರಿ. ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತೆ, ಸಂಸ್ಕೃತ ಮೂಲದ ಜೊತೆ ಇಂಗ್ಲಿಷ್ ಅನುವಾದವೂ ಇದೆ. ಮೊದಲ ಶ್ಲೋಕದಲ್ಲಿ ನಮಸ್ಕಾರ ಮಾಡಿಸಿಕೊಳ್ಳುವ ಮಹಾವೀರ ತೀರ್ಥಂಕರ, ಲೇಖಕ ಅಲ್ಲ. ಇಲ್ಲಿ ಎಡವುವವರು ಬಹಳ. ಮುಂದೆ ಬರುವ ಕೆಲವು ಶ್ಲೋಕಗಳು ರಾಷ್ಟ್ರಕೂಟ ದೊರೆ ಅಮೋಘವರ್ಷನ ಹೊಗಳಿಕೆ; ನೃಪತುಂಗ ಅನ್ನೋದು ಅವನದೇ ಇನ್ನೊಂದು ಹೆಸರು. ಆ ಶ್ಲೋಕಗಳು ಮುಗಿಯುವುದು ನೃಪತುಂಗನ ಶಾಸನ (ಇಲ್ಲಿ ಆಳ್ವಿಕೆ ಅಂತ ಅರ್ಥ) ‘ವರ್ಧತಾಂ’, ಅಂದರೆ ಬೆಳೆಯಲಿ, ಅನ್ನೋ ಹಾರೈಕೆಯಿಂದ. ತೀರಿಹೋದ ದೊರೆಯ ಆಳ್ವಿಕೆಗೆ ಯಾರೂ ಹೀಗೆ ಹಾರೈಸಲ್ಲ, ಹಾಗಾಗಿ ಕೃತಿ ಅವನು ಆಳುತ್ತಿದ್ದಾಗಲೇ ಬರೆದದ್ದು. ಅಮೋಘವರ್ಷ ಆಳಿದ್ದು ಸುಮಾರು 814ರಿಂದ 878, ರಾಜಧಾನಿ ಮಾನ್ಯಖೇಟ, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. 850 ಅನ್ನೋದು ಈ ಅವಧಿಯ ನಡುವಿನ ಅಂದಾಜು, ಅದೂ ಕೃತಿಯ ಕಾಲ, ಹುಟ್ಟಿದ ವರ್ಷ ಅಲ್ಲ. ‘ಸುಮಾರು’ ಬಿಡಬೇಡಿ.

ಹಸ್ತಪ್ರತಿ ನೋಡಬೇಕಿದ್ದರೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ವಿಚಾರಿಸಿ, ಕಾಲೇಜಿನ ಪತ್ರ ಕೈಲಿರಲಿ. ಸೂಚಿಪುಸ್ತಕಗಳಲ್ಲಿ ‘ಗಣಿತ’ದ ಕೆಳಗೆ ಸಿಗದಿದ್ದರೆ ‘ಜ್ಯೋತಿಷ’ದಲ್ಲಿ ಹುಡುಕಿ, ಹಳೇ ವಿಂಗಡಣೆಯೇ ಹಾಗೆ. ಓಲೆಗರಿಯ ಕೊನೆಯಲ್ಲಿ ಶಕವರ್ಷ ಕಂಡರೆ 78 ಕೂಡಿಸಿ ಕ್ರಿ.ಶ. ಮಾಡಿಕೊಳ್ಳಿ. ಆದರೆ ಅದು ಸಾಮಾನ್ಯವಾಗಿ ಪ್ರತಿ ಮಾಡಿದವನು ಹಾಕಿದ ತೇದಿ.